ಅಕ್ಕನ ಕಾಲು ಒತ್ತುವ ಹೊತ್ತು

ಏಳನೇ ವಾರದ ಕೀಮೋ ಮುಗಿಸಿಕೊಂಡು ಬಂದ ರಾತ್ರಿ ಅಕ್ಕ ಹಾಸಿಗೆ ಮೇಲೆ ಕಾಲು ಚಾಚಿ, "ಸ್ವಲ್ಪ ಒತ್ತೇ" ಅಂದಳು. ಅಲ್ಲಿಯವರೆಗೆ ಅವಳು ಯಾರ ಹತ್ತಿರವೂ ಏನೂ ಕೇಳಿರಲಿಲ್ಲ. ಸ್ತನ ಕ್ಯಾನ್ಸರ್. ವಾರಕ್ಕೊಂದರಂತೆ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಔಷಧಿ ಕೊಡುತ್ತಿದ್ದರು. ಅದು ನರಗಳಿಗೆ ತೊಂದರೆ ಮಾಡುತ್ತದೆ. ಉದ್ದದ ನರಗಳಿಗೆ ಮೊದಲು, ಹಾಗಾಗಿ ಕಾಲ್ಬೆರಳ ತುದಿಯಿಂದಲೇ ಜೋಮು ಶುರು. ದಪ್ಪ ಕಾಲುಚೀಲ ಹಾಕಿಕೊಂಡ ಹಾಗಿದೆ, ಬಿಚ್ಚೋಣ ಅಂತ ಕೈ ಹಾಕಿದರೆ ಕಾಲಲ್ಲಿ ಚೀಲವೇ ಇಲ್ಲ ಅನ್ನುತ್ತಿದ್ದಳು.

ಅಂಗೈಗೆ ನಾಲ್ಕು ಹನಿ ಎಣ್ಣೆ ಹಾಕಿಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಹಿಮ್ಮಡಿಯಿಂದ ಶುರು ಮಾಡಿದೆ. ವಾಸನೆ ಇಲ್ಲದ ಎಣ್ಣೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಜೋರಾಗಿ ಒತ್ತಬೇಡಿ ಅಂತ ನರ್ಸ್ ಮೊದಲೇ ಹೇಳಿದ್ದರು, ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಒತ್ತಿದ ಕಡೆ ಚರ್ಮದ ಕೆಳಗೆ ರಕ್ತ ಕಟ್ಟಬಹುದು ಅಂತ. ಹಾಗಾಗಿ ನಾನು ಮಾಡುತ್ತಿದ್ದದ್ದು ಒತ್ತೋದಕ್ಕಿಂತ ಸವರೋದು. ಹಿಮ್ಮಡಿ, ಅಂಗಾಲಿನ ನಡು, ಆಮೇಲೆ ಒಂದೊಂದೇ ಬೆರಳು. ಕಿರುಬೆರಳು ಹಿಡಿದಾಗ ಅವಳು ಕಣ್ಣು ಮುಚ್ಚಿಕೊಂಡೇ, "ಈಗ ಯಾವ ಬೆರಳು ಹಿಡಿದಿದ್ದೀಯ?" ಅಂತ ಕೇಳಿದಳು. ಹೇಳಿದೆ. ಬಲಗಾಲು ಮುಗಿಸಿ ಎಡಗಾಲಿಗೆ ಬರುವಷ್ಟರಲ್ಲಿ ಅವಳ ಉಸಿರು ನಿಧಾನವಾಗಿತ್ತು. ಕೀಮೋ ದಿನ ಕೊಡುವ ಸ್ಟೆರಾಯ್ಡ್‌ನಿಂದಾಗಿ ಆ ರಾತ್ರಿಗಳಲ್ಲಿ ಅವಳಿಗೆ ನಿದ್ದೆ ಅನ್ನುವುದೇ ಇರುತ್ತಿರಲಿಲ್ಲ. ಅವತ್ತು ನಿದ್ದೆ ಹೋದಳು. ನಾನು ಎಡಗಾಲು ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ, ಬಿಟ್ಟರೆ ಎಲ್ಲಿ ಎಚ್ಚರ ಆಗುತ್ತಾಳೋ ಅಂತ.

ನನ್ನ ಕೈಯಿಂದ ಅವಳ ಗೆಡ್ಡೆಗೆ ಏನೂ ಆಗಲಿಲ್ಲ. ಜೋಮೂ ಹೋಗಲಿಲ್ಲ. ಆದರೆ ಅವಳು ಮಲಗಿದಳು. ಆ ನಿದ್ದೆಗೆ ಬೆಲೆ ಇದೆಯಾ ಇಲ್ಲವಾ ಅನ್ನುವುದೇ ಕಳೆದ ಒಂದೂವರೆ ವರ್ಷದಿಂದ ನನ್ನ ತಲೆಯಲ್ಲಿ ಓಡುತ್ತಿರುವ ವಿಷಯ.

ಕ್ಯಾನ್ಸರ್ ಇರುವ ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ತರುತ್ತಾರೆ. ಯೋಗ, ಧ್ಯಾನ, ಸೂಜಿ ಚಿಕಿತ್ಸೆ (ಆಕ್ಯುಪಂಕ್ಚರ್), ಮಸಾಜ್, ಪುಡಿ, ರಸ, ಕ್ಯಾಪ್ಸೂಲ್. ಎಲ್ಲದಕ್ಕೂ ಒಂದೇ ಪ್ರಶ್ನೆ: ಇದರಿಂದ ವಾಸಿ ಆಗುತ್ತಾ? ತಂದವರು ಆಗುತ್ತೆ ಅಂತಾರೆ, ಡಾಕ್ಟ್ರು ಆಗಲ್ಲ ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಪ್ರಶ್ನೆಯಲ್ಲೇ ಎಡವಟ್ಟು ಇದೆ ಅಂತ ನನಗೆ ಅರ್ಥ ಆಗಲು ತುಂಬಾ ದಿನ ಬೇಕಾಯಿತು. ಕಾಲು ಒತ್ತುವುದನ್ನು ಯಾರೂ ವಾಸಿ ಆಗಲಿ ಅಂತ ಮಾಡುವುದಿಲ್ಲ ಅಲ್ವಾ? ನೋವಿಗೆ, ನಿದ್ದೆಗೆ, ಒಂಟಿತನಕ್ಕೆ ಮಾಡುತ್ತೇವೆ. ಅದನ್ನು ಆ ಲೆಕ್ಕದಲ್ಲೇ ಅಳೆಯಬೇಕು.

ಹಾಗಾಗಿ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಡಾಕ್ಟ್ರು ಕೊಡುವ ಚಿಕಿತ್ಸೆಯ ಜೊತೆಗೆ ಮಾಡುವುದು ಪೂರಕ. ಅದನ್ನು ಬಿಟ್ಟು ಮಾಡುವುದು ಪರ್ಯಾಯ. ಪರ್ಯಾಯದ ಬಗ್ಗೆ ನನಗೆ ಸ್ವಲ್ಪವೂ ಮೆದು ಮಾತಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಬೇರೆ ಅಂಗಗಳಿಗೆ ಹರಡದ, ಅಂದರೆ ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇದ್ದ ಹಂತದಲ್ಲಿ, ಪರ್ಯಾಯ ಚಿಕಿತ್ಸೆಯನ್ನೇ ನಂಬಿದ 281 ಜನರನ್ನು ಮಾಮೂಲಿ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು ಜಾಸ್ತಿ. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟಿಗಿಂತ ಜಾಸ್ತಿ. ಈ ಸಂಖ್ಯೆ ಓದಿದ ದಿನ ನಾನು ಅಕ್ಕನ ಮುಖ ನೋಡಿದೆ, ಅವಳು ಏನಾಯ್ತು ಅಂದಳು, ಏನಿಲ್ಲ ಅಂದೆ. ಅದೇ ಗುಂಪಿನವರ ಇನ್ನೊಂದು ಅಧ್ಯಯನ ಅದೇ ವರ್ಷ ಬಂತು. ಪೂರಕ ಅಂತ ಹೇಳಿಕೊಂಡು ಶುರು ಮಾಡಿದವರಲ್ಲೂ ಎಷ್ಟೋ ಜನ ಆಪರೇಷನ್ನೋ ಕೀಮೋನೋ ರೇಡಿಯೇಷನ್ನೋ ಯಾವುದಾದರೂ ಒಂದನ್ನು ನಿರಾಕರಿಸಿದ್ದರು, ಹಾನಿ ಆಗಿದ್ದು ಅಲ್ಲಿ. ಪೂರಕದಿಂದ ಪರ್ಯಾಯಕ್ಕೆ ಜಾರುವ ದಾರಿ ಅಷ್ಟು ಇಳಿಜಾರು.

ನಮ್ಮ ಮನೆಯಲ್ಲೂ ಒಂದು ಜಾರು ಆಯಿತು.

ಒಂಬತ್ತನೇ ಡೋಸಿಗೆ ಮುಂಚೆ ರಕ್ತ ಪರೀಕ್ಷೆಯಲ್ಲಿ ಲಿವರ್ ಎಂಜೈಮ್ ಏರಿತ್ತು, ಅಂದರೆ ಲಿವರಿಗೆ ತೊಂದರೆ ಆಗುತ್ತಿರುವ ಸೂಚನೆ. ಡೋಸ್ ಮುಂದೆ ಹಾಕಿದರು. "ನಾವು ಕೊಟ್ಟದ್ದು ಬಿಟ್ಟು ಬೇರೆ ಏನಾದರೂ ತಗೊಳ್ತಾ ಇದ್ದೀರಾ?" ಅಂತ ಡಾಕ್ಟ್ರು ಕೇಳಿದರು. ಅಕ್ಕ ಇಲ್ಲ ಅಂದಳು. ಪಕ್ಕದಲ್ಲೇ ಇದ್ದ ನಾನೂ ತಲೆ ಆಡಿಸಿದೆ, ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಅವಳು ಬೀರುವಿನಲ್ಲಿ ಬಟ್ಟೆಗಳ ಹಿಂದಿನಿಂದ ಒಂದು ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ಗ್ರೀನ್ ಟೀ ಸಾರದ ಕ್ಯಾಪ್ಸೂಲ್. ದಿನಕ್ಕೆ ಎರಡು, ಐದು ವಾರದಿಂದ. ಮುಚ್ಚಳದ ಮೇಲೆ ಎಲೆಯ ಚಿತ್ರ, ಪಕ್ಕದಲ್ಲಿ ನೈಸರ್ಗಿಕ ಅಂತ ದೊಡ್ಡ ಅಕ್ಷರ, ಎಷ್ಟು ಮಿಲಿಗ್ರಾಂ ಅನ್ನುವುದು ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ.

"ಯಾಕೆ ಹೇಳಲಿಲ್ಲ?" ಅಂದೆ.

"ಬೈತಾರೆ ಅಂತ ಕಣೇ."

ಅದಕ್ಕೂ ಕಾರಣ ಇತ್ತು. ಕಾಯಿಲೆ ಪತ್ತೆಯಾದ ಹೊಸದರಲ್ಲಿ ಎರಡನೇ ಅಭಿಪ್ರಾಯಕ್ಕೆ ಅಂತ ಹೋದ ಒಂದು ಕಡೆ, ಧ್ಯಾನದ ಬಗ್ಗೆ ಒಂದೇ ಒಂದು ಮಾತು ಕೇಳಿದ್ದಳು. ಅಲ್ಲಿದ್ದವರು ಫೈಲಿನಿಂದ ತಲೆ ಎತ್ತದೆ, ಇಂಥದ್ದಕ್ಕೆಲ್ಲ ನನ್ನ ಹತ್ತಿರ ಟೈಮ್ ಇಲ್ಲ ಅಂದಿದ್ದರು. ಅವತ್ತಿಂದ ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೇಳುವುದನ್ನು ಬಿಟ್ಟಳು, ತಗೊಳ್ಳುವುದನ್ನಲ್ಲ. ಒಂದು ಗದರಿಕೆಯಿಂದ ಆಗುವ ನಷ್ಟ ಇದು. ಇದನ್ನು ಓದುತ್ತಿರುವ ಡಾಕ್ಟ್ರು, ನರ್ಸು ಯಾರಾದರೂ ಇದ್ದರೆ ದಯವಿಟ್ಟು ಇಷ್ಟನ್ನು ನೆನಪಿಡಿ. ನೀವು ಬೈದರೆ ಡಬ್ಬಿ ಕಸದ ಬುಟ್ಟಿಗೆ ಹೋಗುವುದಿಲ್ಲ, ಬಟ್ಟೆಯ ಹಿಂದಕ್ಕೆ ಹೋಗುತ್ತದೆ.

ಮಾರನೇ ದಿನ ನಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿದೆವು. ಅವರು ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಡಬ್ಬಿ ತಗೊಂಡು ಬನ್ನಿ, ಲೇಬಲ್ ನೋಡಬೇಕು ಅಂದರು. ಕುಡಿಯುವ ಟೀ ಬೇರೆ, ಅದರ ಸಾರವನ್ನು ಗಟ್ಟಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ದು ಬೇರೆ, ಆ ಪ್ರಮಾಣದಲ್ಲಿ ಕೆಲವರ ಲಿವರಿಗೆ ಏಟು ಬೀಳುತ್ತದೆ ಅಂತ ವಿವರಿಸಿದರು. ನಿಲ್ಲಿಸಿದ ಮೇಲೆ ಎರಡು ವಾರದಲ್ಲಿ ಎಂಜೈಮ್ ಇಳಿಯಿತು. ಕೀಮೋದಿಂದಲೂ ಏರಬಹುದು, ಕ್ಯಾಪ್ಸೂಲಿನದ್ದೇ ತಪ್ಪು ಅಂತ ಖಡಾಖಂಡಿತವಾಗಿ ಹೇಳಲು ಆಗುವುದಿಲ್ಲ ಅಂತಲೂ ಅವರೇ ಹೇಳಿದರು. ಆ ಪ್ರಾಮಾಣಿಕತೆಗೇ ಅಕ್ಕ ಅವರನ್ನು ಪೂರ್ತಿ ನಂಬಿದ್ದು ಅನಿಸುತ್ತದೆ.

ಆಮೇಲೆ ಕೂತು ಓದಿದೆ. ಗಿಡಮೂಲಿಕೆ ಅಂದ ಕೂಡಲೇ ತೊಂದರೆ ಇಲ್ಲ ಅಂದುಕೊಳ್ಳುತ್ತೇವಲ್ಲ, ಅದು ದೊಡ್ಡ ತಪ್ಪು. ಸೇಂಟ್ ಜಾನ್ಸ್ ವರ್ಟ್ ಅನ್ನುವ ಮೂಲಿಕೆಯನ್ನು ಬೇಜಾರು, ಖಿನ್ನತೆಗೆ ಅಂತ ತುಂಬಾ ಜನ ಸುಮ್ನೆ ಅಂಗಡಿಯಿಂದ ತಂದು ತಿನ್ನುತ್ತಾರೆ. ಅದು ಲಿವರಿನಲ್ಲಿ ಔಷಧಿ ಒಡೆಯುವ ಕೆಲಸವನ್ನು ಚುರುಕು ಮಾಡುತ್ತದೆ. 2002ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ, ಇರಿನೋಟೆಕಾನ್ ಅನ್ನುವ ಕೀಮೋ ಔಷಧಿಯ ಕೆಲಸ ಮಾಡುವ ಅಂಶ ರಕ್ತದಲ್ಲಿ 42 ಪರ್ಸೆಂಟ್ ಕಡಿಮೆ ಆಗಿತ್ತು. ಯೋಚಿಸಿ, ರೋಗಿಗೆ ಏನೂ ಗೊತ್ತಾಗುವುದಿಲ್ಲ, ಬದಲಿಗೆ ವಾಂತಿ, ಭೇದಿ ಕಡಿಮೆಯಾಗಿ ಹಾಯಾಗಿದೆ ಅಂತಲೂ ಅನಿಸಬಹುದು, ಆದರೆ ಒಳಗೆ ಔಷಧಿ ಅರ್ಧಂಬರ್ಧ ಕೆಲಸ ಮಾಡುತ್ತಿರುತ್ತದೆ. ಅದೇ ರೀತಿ ಗ್ರೀನ್ ಟೀಯಲ್ಲಿರುವ ಒಂದು ಅಂಶ, ಮೈಲೋಮಾ ಅನ್ನುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್ ಅನ್ನುವ ಔಷಧಿಗೇ ಹೋಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುವುದು ಲ್ಯಾಬಿನಲ್ಲಿ ಕಂಡಿದೆ. ಹೀಗಾಗಿ ನನ್ನ ಮಟ್ಟಿಗೆ ಗೆರೆ ಇಲ್ಲಿದೆ: ಬಾಯಿಂದ ಒಳಗೆ ಹೋಗುವುದು ಏನೇ ಇರಲಿ, ಡಾಕ್ಟ್ರಿಗೆ ತೋರಿಸದೆ ಇಲ್ಲ. ಮೈ ಸವರುವುದು, ಉಸಿರಾಟ, ನಡಿಗೆ, ಹಾಡು, ಮಾತು, ಇವುಗಳಲ್ಲಿ ಅಪಾಯ ಕಡಿಮೆ, ಆದರೂ ಹೇಳಿಯೇ ಮಾಡುವುದು.

ಈಗ ವಾಸನೆಯ ವಿಷಯಕ್ಕೆ ಬರುತ್ತೇನೆ. ಕೀಮೋ ಶುರುವಾದಾಗ ಯಾರೋ ಪ್ರೀತಿಯಿಂದ ಲ್ಯಾವೆಂಡರ್ ಎಣ್ಣೆ ಕೊಟ್ಟರು. ಮನಸ್ಸಿಗೆ ಹಿತ ಅಂತ. ಮೊದಲ ಕೀಮೋ ದಿನ ಕೋಣೆಯಲ್ಲಿ ಅದನ್ನು ಇಟ್ಟಿದ್ದೆವು. ಅವತ್ತು ರಾತ್ರಿಯೆಲ್ಲ ವಾಂತಿ. ಎರಡು ವಾರ ಆದಮೇಲೆ, ಹೊಟ್ಟೆ ಪೂರ್ತಿ ಸರಿಯಾಗಿದ್ದಾಗ, ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆಗೇ ಅವಳು ಬಚ್ಚಲಿಗೆ ಓಡಿದಳು. ಲ್ಯಾವೆಂಡರಿನ ತಪ್ಪಲ್ಲ. ಮೈ ಅದನ್ನು ಕೀಮೋ ಜೊತೆ ಗಂಟು ಹಾಕಿಬಿಟ್ಟಿತ್ತು. ಕೆಲವರಿಗೆ ಆಸ್ಪತ್ರೆಯ ಬಾಗಿಲು ಕಂಡರೇ ವಾಕರಿಕೆ ಬರುತ್ತದೆ, ಇನ್ನೂ ಸೂಜಿ ಚುಚ್ಚಿರುವುದಿಲ್ಲ. ಇಂಥ ಮುಂಚಿತವಾಗಿ ಬರುವ ವಾಕರಿಕೆಗೆ ಮಾತ್ರೆಗಳು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕಲಿತು ಬಂದದ್ದು ಅದು, ಮರೆಸಬೇಕು. ಮೈ ಸಡಿಲ ಬಿಡುವ ಅಭ್ಯಾಸ, ಮನಸ್ಸಿನಲ್ಲಿ ಒಂದು ಜಾಗವನ್ನು ಕಲ್ಪಿಸಿಕೊಳ್ಳುವುದು, ಸಮ್ಮೋಹನ, ಇವು ಇಲ್ಲಿ ನಿಜವಾಗಿಯೂ ಸಹಾಯ ಮಾಡುತ್ತವೆ. ಪೂರಕ ಚಿಕಿತ್ಸೆಗೆ ಮಾತ್ರೆಗಿಂತ ಮೇಲಿನ ಸ್ಥಾನ ಇರುವ ಅಪರೂಪದ ಕಡೆ ಇದು ಅಂತ ನನಗೆ ಅನಿಸುತ್ತದೆ. ಅಕ್ಕ ಗಾಡಿಯಲ್ಲಿ ಕೂತ ಕೂಡಲೇ ಕಣ್ಣು ಮುಚ್ಚಿ ಉಸಿರು ಎಣಿಸಲು ಶುರು ಮಾಡುತ್ತಿದ್ದಳು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಸೂಜಿ ಹಾಕುವವರು ಬಂದಾಗಲೂ ಎಣಿಕೆ ನಿಲ್ಲಿಸುತ್ತಿರಲಿಲ್ಲ.

ಮಸಾಜ್ ಬಗ್ಗೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದವರು 2004ರಲ್ಲಿ ಒಂದು ದೊಡ್ಡ ಲೆಕ್ಕ ಕೊಟ್ಟರು. 1,290 ರೋಗಿಗಳು, ಮೂರು ವರ್ಷ. ಮಸಾಜಿಗೆ ಮುಂಚೆ, ಆಮೇಲೆ ನೋವು, ಸುಸ್ತು, ಆತಂಕ, ವಾಕರಿಕೆಗೆ ಅಂಕ ಕೇಳಿದರು. ಸುಮಾರು ಅರ್ಧಕ್ಕೆ ಇಳಿದಿತ್ತು. ಹೋಲಿಸಿ ನೋಡಲು ಮಸಾಜ್ ಇಲ್ಲದ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಅದನ್ನು ಕಡೇ ಮಾತು ಅಂತ ತಗೊಳ್ಳಲಾಗದು. ಆದರೂ ಎಡಗಾಲು ಮುಗಿಯುವ ಮೊದಲೇ ನಿದ್ದೆ ಹೋದವಳನ್ನು ನೋಡಿದ ನನಗೆ ಆ ಅಂಕಗಳು ಸುಳ್ಳು ಅನಿಸಲಿಲ್ಲ.

ಈ ಇಡೀ ವಿಷಯದಲ್ಲಿ ನನ್ನನ್ನು ಬಹಳ ಕಾಡಿದ ಕಥೆ ಒಂದಿದೆ. 1989ರಲ್ಲಿ ಸ್ಟ್ಯಾನ್‌ಫರ್ಡಿನ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಅವರ ಜೊತೆಗಾರರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಹರಡಿದ್ದ 86 ಹೆಂಗಸರು. ಅವರಲ್ಲಿ ಕೆಲವರು ವಾರಕ್ಕೊಮ್ಮೆ ಒಟ್ಟಿಗೆ ಕೂತು, ಸಾವಿನ ಭಯವನ್ನೂ ಸೇರಿಸಿ, ಮನಸ್ಸಿನಲ್ಲಿದ್ದದ್ದನ್ನು ಮಾತಾಡಿಕೊಳ್ಳುತ್ತಿದ್ದರು. ಹಾಗೆ ಕೂತವರು ಸರಾಸರಿ 36.6 ತಿಂಗಳು ಬದುಕಿದರು, ಉಳಿದವರು 18.9 ತಿಂಗಳು. ಮಾತಿನಿಂದ ಆಯಸ್ಸು ಬೆಳೆಯುತ್ತದೆ ಅಂತ ಜಗತ್ತೆಲ್ಲ ಸುದ್ದಿಯಾಯಿತು. ಆಗಲೇಬೇಕಲ್ಲ, ಯಾರಿಗೆ ಬೇಡ ಅಂಥ ಸುದ್ದಿ? ಆದರೆ ಕೆನಡಾದವರು 235 ಹೆಂಗಸರನ್ನು ಇಟ್ಟುಕೊಂಡು ಅದನ್ನೇ ಮತ್ತೆ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಹೇಳಿದರು. ಆಯಸ್ಸಿನಲ್ಲಿ ವ್ಯತ್ಯಾಸ ಇಲ್ಲ. ಸ್ಪೀಗೆಲ್ ಅವರೇ ಮತ್ತೆ ಮಾಡಿ ನೋಡಿದಾಗಲೂ, 2007ರಲ್ಲಿ, ಮೊದಲಿನ ಫಲ ಸಿಗಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು ಅಂತ ಬಹಳ ಜನ ಪುಸ್ತಕ ಮುಚ್ಚಿದರು. ನನಗೆ ಬೇಸರ ಆಗುವುದು ಇಲ್ಲೇ. ಅದೇ 2001ರ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ. ಗುಂಪಿನಲ್ಲಿ ಕೂತ ಹೆಂಗಸರಿಗೆ ಮನಸ್ಸಿನ ಸಂಕಟ ಕಡಿಮೆಯಾಗಿತ್ತು, ನೋವೂ ಕಡಿಮೆ ಅನಿಸಿತ್ತು, ಶುರುವಿನಲ್ಲಿ ಜಾಸ್ತಿ ಕುಗ್ಗಿದ್ದವರಿಗೆ ಜಾಸ್ತಿ ಉಪಯೋಗ ಆಗಿತ್ತು. ಇದ್ದಷ್ಟು ತಿಂಗಳು ಸ್ವಲ್ಪ ಹಗುರವಾಗಿ ಕಳೆದರು. ಅದು ಸಣ್ಣ ವಿಷಯವಾ? ಆ ಹೆಂಗಸರನ್ನು ಕೇಳಿದ್ದರೆ ಸಣ್ಣದು ಅನ್ನುತ್ತಿದ್ದರಾ?

ಬದುಕಿನ ಗುಣಮಟ್ಟ ಅನ್ನುವುದು ಬಾಯಿಮಾತು ಅಂತ ನಾನೂ ಅಂದುಕೊಂಡಿದ್ದೆ. ಅಳೆಯುತ್ತಾರೆ ಅಂತ ಗೊತ್ತಿರಲಿಲ್ಲ. ಯುರೋಪಿನ ಕ್ಯಾನ್ಸರ್ ಸಂಶೋಧಕರ ಒಂದು ಸಂಘಟನೆ ಮಾಡಿದ ಪ್ರಶ್ನೆಪತ್ರಿಕೆ ಇದೆ, 1993ರಲ್ಲಿ ಪ್ರಕಟವಾದದ್ದು, 30 ಪ್ರಶ್ನೆಗಳು. ಭಾರದ ಚೀಲ ಹೊರಲು ಕಷ್ಟವಾಗುತ್ತದೆಯಾ ಅಂತ ಶುರು. ಸುಸ್ತು, ನಿದ್ದೆ, ಹಸಿವು, ಮನೆಯವರ ಜೊತೆಗಿನ ಬದುಕು, ಹಣದ ಕಷ್ಟ, ಎಲ್ಲ ಇದೆ. ಕಡೆಗೆ, ಕಳೆದ ವಾರ ಒಟ್ಟಾರೆ ನಿಮ್ಮ ಬದುಕು ಹೇಗಿತ್ತು, ಒಂದರಿಂದ ಏಳರಲ್ಲಿ ಹೇಳಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಈ ಯಾವುದೂ ಇರುವುದಿಲ್ಲ. ನಾವು ಮನೆಯಲ್ಲಿ ಅಷ್ಟೆಲ್ಲ ಮಾಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ಐದು ಸಂಖ್ಯೆ ಬರೆಯುತ್ತಿದ್ದೆವು. ನೋವು, ಸುಸ್ತು, ವಾಕರಿಕೆ, ನಿದ್ದೆ, ಮನಸ್ಸು. ಸೊನ್ನೆ ಅಂದರೆ ತೊಂದರೆ ಇಲ್ಲ, ಹತ್ತು ಅಂದರೆ ತಡೆಯಲಾಗದಷ್ಟು. ಹೊಸದಾಗಿ ಏನೇ ಶುರು ಮಾಡಿದರೂ ಎರಡು ವಾರ ಬಿಟ್ಟು ಪುಟ ತಿರುಗಿಸಿ ನೋಡುತ್ತಿದ್ದೆವು. ಸಂಖ್ಯೆ ಅಲ್ಲಾಡಿದ್ದರೆ ಮುಂದುವರಿಸು, ಇಲ್ಲದಿದ್ದರೆ ಬಿಡು. ಮಣಿಕಟ್ಟಿನ ಒಳಮೈಯಲ್ಲಿ, ಮಡಿಕೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುದಾರಗಳ ನಡುವೆ ಒತ್ತುವುದನ್ನು ವಾಕರಿಕೆಗೆ ಅಂತ ಕಲಿತಿದ್ದಳು. ಅವಳಿಗೆ ಅದರಿಂದ ಸಂಖ್ಯೆ ಅಲ್ಲಾಡಲಿಲ್ಲ, ಬಿಟ್ಟೆವು. ಬೇರೆಯವರಿಗೆ ಆಗಬಹುದು.

ಆ ನೋಟ್‌ಬುಕ್ಕನ್ನು ಡಾಕ್ಟ್ರ ಮುಂದೆ ಇಡುವುದು ಶುರುವಾದ ಮೇಲೆ ಮಾತಿನ ರೀತಿಯೇ ಬದಲಾಯಿತು. ಹೇಗಿದ್ದೀರಿ ಅಂದರೆ ಪರವಾಗಿಲ್ಲ ಅನ್ನುವವಳು ಅಕ್ಕ. ಪುಟ ಹಾಗನ್ನಲಿಲ್ಲ. ಇದಕ್ಕೂ ಒಂದು ಅಧ್ಯಯನ ಇದೆ, 2017ರಲ್ಲಿ ಬಂದದ್ದು. ಕ್ಯಾನ್ಸರ್ ಹರಡಿದ್ದ 766 ಜನರಲ್ಲಿ, ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ಆಗಾಗ ದಾಖಲಿಸುತ್ತಿದ್ದವರು, ಅದು ನರ್ಸಿಗೆ ತಕ್ಷಣ ತಲುಪುತ್ತಿತ್ತು, ಉಳಿದವರಿಗಿಂತ ಸುಮಾರು ಐದು ತಿಂಗಳು ಜಾಸ್ತಿ ಬದುಕಿದರು. ಹೊಸ ಔಷಧಿ ಏನೂ ಇಲ್ಲ. ಕೇಳಿಸಿಕೊಂಡರು, ಬೇಗ ಸರಿಪಡಿಸಿದರು, ಅಷ್ಟೇ.

ಸುಸ್ತಿನ ಬಗ್ಗೆ ಹೇಳದೆ ಇರಲಾರೆ. ಬಂದವರೆಲ್ಲ ರೆಸ್ಟ್ ತಗೋ ಅಂತಿದ್ದರು, ನಾನೂ ಅಂತಿದ್ದೆ, ಲೋಟ ಎತ್ತಲೂ ಬಿಡುತ್ತಿರಲಿಲ್ಲ. ಕ್ಯಾನ್ಸರಿನ ಸುಸ್ತು ಮಲಗಿದರೆ ಹೋಗುವುದಿಲ್ಲ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಸುಸ್ತು ಬೆಳೆಯುತ್ತದೆ. ಅದಕ್ಕೆ ಬಹಳ ಗಟ್ಟಿಯಾದ ಸಾಕ್ಷಿ ಇರುವ ಮದ್ದುಗಳಲ್ಲಿ ನಡಿಗೆ, ವ್ಯಾಯಾಮ ಮುಂಚೂಣಿಯಲ್ಲಿವೆ. ವಾರಕ್ಕೆ ಮೂರು ಸಲ ಅರ್ಧ ಗಂಟೆ ಅಂತ ತಜ್ಞರು 2019ರಲ್ಲಿ ಸಲಹೆ ಕೊಟ್ಟರು. ಅಕ್ಕ ಮೊದಲ ದಿನ ಗೇಟಿನವರೆಗೆ ಹೋಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಕಾಲ ಮೇಲೆ ಬೀಳುತ್ತಿತ್ತು. ಬೆಚ್ಚಗಿದೆಯಾ ಅಂದೆ. "ಮೇಲೆ ಗೊತ್ತಾಗುತ್ತೆ, ಬೆರಳಿಗೆ ಗೊತ್ತಾಗಲ್ಲ" ಅಂದಳು. ನಾಲ್ಕನೇ ವಾರಕ್ಕೆ ಹದಿನೈದು ನಿಮಿಷ ನಡೆದಳು, ನನ್ನ ತೋಳು ಹಿಡಿದುಕೊಂಡು, ಕಾಲೂರುವ ಜಾಗವನ್ನು ಕಣ್ಣಿಂದ ನೋಡಿಕೊಂಡು. ಸುಸ್ತಿನ ಅಂಕ ಎಂಟರಿಂದ ಐದಕ್ಕೆ ಬಂದಿತ್ತು. 2025ರಲ್ಲಿ ಬಂದ ಸುದ್ದಿ ಇದಕ್ಕಿಂತ ದೊಡ್ಡದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿಸಿದ 889 ಜನರಲ್ಲಿ, ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಎಂಟು ವರ್ಷದ ಹೊತ್ತಿಗೆ 90.3 ಪರ್ಸೆಂಟ್ ಜನ ಬದುಕಿದ್ದರು, ಬರೀ ಮಾಹಿತಿ ಪುಸ್ತಕ ಕೊಟ್ಟ ಗುಂಪಿನಲ್ಲಿ 83.2. ಎಲ್ಲ ಕ್ಯಾನ್ಸರಿಗೂ ಹೀಗೇ ಅಂತ ಅರ್ಥ ಅಲ್ಲ. ಆದರೂ ಓದಿ ಕಣ್ಣು ತುಂಬಿತು.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆ ಮನೆ, ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟ್ರು. ಮೈ ನೋವು, ಮನಸ್ಸಿನ ನೋವು, ಮನೆ ಮಂದಿಯ ಚಿಂತೆ, ಯಾಕೆ ನನಗೇ ಅನ್ನುವ ಪ್ರಶ್ನೆ, ಇವೆಲ್ಲ ಸೇರಿ ಒಂದೇ ನೋವು ಅಂತ ಹೇಳಿಕೊಟ್ಟವರು ಅವರು. ಅವರಿಂದ ಬೆಳೆದದ್ದು ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆ. ಆ ಹೆಸರು ಕೇಳಿದರೆ ಜನ ಹೆದರುತ್ತಾರೆ, ಕೈ ಬಿಟ್ಟರು ಅಂತ. ಬಾಸ್ಟನ್ನಿನಲ್ಲಿ 2010ರಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನರಲ್ಲಿ ಅರ್ಧದಷ್ಟು ಜನರಿಗೆ ಶುರುವಿನಿಂದಲೇ, ಕೀಮೋ ಜೊತೆಜೊತೆಗೇ ಆ ಆರೈಕೆ ಕೊಟ್ಟರು. ಅವರ ದಿನಗಳೂ ಚೆನ್ನಾಗಿದ್ದವು, ಬದುಕಿದ್ದೂ ಜಾಸ್ತಿ: 11.6 ತಿಂಗಳು, ಉಳಿದವರು 8.9. ನಮಗೆ ಯಾರೂ ಇದನ್ನು ಮೊದಲೇ ಹೇಳಲಿಲ್ಲ. ಹೇಳಿದ್ದರೆ ಮೊದಲ ಆರು ವಾರ ಅಕ್ಕ ಹಲ್ಲು ಕಚ್ಚಿಕೊಂಡು ಇರಬೇಕಾಗಿರಲಿಲ್ಲ.

ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದಿದೆ. ಈಗ ದಿನಕ್ಕೊಂದು ಹಾರ್ಮೋನ್ ತಡೆಯುವ ಮಾತ್ರೆ, ವರ್ಷಗಟ್ಟಲೆ. ಅದರಿಂದ ಕೀಲು ನೋವು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ. ಈ ನೋವಿಗೇ ಎಷ್ಟೋ ಹೆಂಗಸರು ಮಾತ್ರೆ ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ. ಇಂಥ ನೋವಿದ್ದ 226 ಹೆಂಗಸರ ಮೇಲೆ ಸೂಜಿ ಚಿಕಿತ್ಸೆ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಬಂತು. ಹೋಲಿಸಿ ನೋಡಲು ಅಂತ ಬರೀ ತೋರಿಕೆಗೆ ಹಾಕಿದ ಸುಳ್ಳು ಸೂಜಿಗಿಂತ ನಿಜದ ಸೂಜಿಯಲ್ಲಿ ನೋವು ಹತ್ತರಲ್ಲಿ ಸುಮಾರು ಒಂದು ಅಂಕ ಜಾಸ್ತಿ ಇಳಿದಿತ್ತು. ಒಂದೇ ಅಂಕ. ಆ ಒಂದು ಅಂಕ ಮಾತ್ರೆಯನ್ನು ಮುಂದುವರಿಸುವಷ್ಟಾದರೆ ಸಾಕು ಅಂದರು ನಮ್ಮ ಡಾಕ್ಟ್ರು. ರಕ್ತಕಣಗಳ ಕೌಂಟ್ಸ್ ಸರಿಯಾಗಿದೆ ಅಂತ ನೋಡಿ, ತರಬೇತಿ ಇರುವವರ ಹತ್ತಿರವೇ ಕಳಿಸಿದರು. ಆಪರೇಷನ್ ಆದ ಕಡೆಯ ತೋಳಿಗೆ ಸೂಜಿ ಬೇಡ ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ಈಗ ಮೂರನೇ ವಾರ. ಕೀಲು ನೋವಿಗೆ ನೋಟ್‌ಬುಕ್ಕಿನಲ್ಲಿ ಒಂದು ಹೊಸ ಸಾಲು ಸೇರಿದೆ. ಆರು, ಆರು, ಏಳು, ಆರು, ಐದು, ಐದು. ನಿನ್ನೆ ರಾತ್ರಿ ಬರೆಯುವಾಗ ಪೆನ್ನನ್ನು ಅವಳೇ ನನ್ನ ಕೈಯಿಂದ ಕಸಿದುಕೊಂಡಳು. ಅಕ್ಷರ ಸ್ವಲ್ಪ ಸೊಟ್ಟಗಿದೆ, ಆದರೆ ಓದಬಹುದು. ಬರೆದು ಮುಗಿಸಿ ಕಾಲು ಚಾಚಿದಳು, ನಾನು ಎಣ್ಣೆ ಬಾಟಲಿ ತರಲು ಎದ್ದೆ.